ಪದ ಬೇಕು: ‘ವೈಲ್ಡ್‌ಕಾರ್ಡ್’ ಮತ್ತು ‘ರೆಜೆಕ್ಸ್’, ಸಂಜೆಯೊಳಗೆ

ಕೊಂಬು ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಸಂಶೋಧಕರು ಹಂಚಿಕೊಂಡು ಬಳಸುವ ಒಂದು ದತ್ತಾಂಶ ಲೈಬ್ರರಿಯ ಪರದೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಷ್ಟು ದಿನ ಅಲ್ಲಿ ಕಡತದ ಪೂರ್ತಿ ಹೆಸರು ಕೊಟ್ಟರೆ ಮಾತ್ರ ಸಿಗುತ್ತಿತ್ತು. ಒಂದು ಅಡಿಗೆರೆ ತಪ್ಪಿದರೂ ‘ಏನೂ ಸಿಗಲಿಲ್ಲ’. ಈಗ ಎರಡು ಬಗೆಯ ಹುಡುಕಾಟ ಸೇರಿಸಿದ್ದಾರೆ. ಒಂದು ವೈಲ್ಡ್‌ಕಾರ್ಡ್. ಅದರಲ್ಲಿ ‘ಮಳೆ_199?’ ಅಂತ ಕೊಟ್ಟರೆ 1990ರಿಂದ 1999ರವರೆಗಿನ ಹತ್ತೂ ಕಡತ ಬರುತ್ತವೆ. * ಹಾಕಿದರೆ ಅಲ್ಲಿ ಏನು ಬೇಕಾದರೂ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಇನ್ನೊಂದು ರೆಜೆಕ್ಸ್, ಅಂದರೆ ‘ರೆಗ್ಯುಲರ್ ಎಕ್ಸ್‌ಪ್ರೆಶನ್’: ಬೇಕಾದ ಪಠ್ಯ ಹೇಗಿರಬೇಕು ಅಂತ ಚಿಹ್ನೆಗಳಲ್ಲಿ ಬರೆದು ಹುಡುಕುವುದು. ಎರಡಕ್ಕೂ ಬೇರೆ ಬೇರೆ ಗುಂಡಿ. ಗುಂಡಿಯ ಮೇಲೆ ಮೂರು ಪದ ಹಿಡಿಸುತ್ತದೆ, ಅಷ್ಟೇ.

‘ಮಾದರಿ ಹುಡುಕಾಟ’ ಅಂತ ಹಾಕಿದ್ದೆ. ಆದರೆ ಅದೇ ಪರದೆಯಲ್ಲಿ ‘ಮಣ್ಣಿನ ಮಾದರಿ’ ಇದೆ, ‘ಹವಾಮಾನ ಮಾದರಿ’ಯೂ ಇದೆ. ಮೊದಲನೆಯದು ಪರೀಕ್ಷೆಗೆ ತೆಗೆದ ಒಂದು ಹಿಡಿ ಮಣ್ಣು, ಎರಡನೆಯದು ಲೆಕ್ಕದ ಮಾಡೆಲ್ಲು. ಮೂರನೇ ಮಾದರಿಯನ್ನೂ ತಂದು ಕೂರಿಸಿದರೆ ಓದುವವರ ಗತಿ ಏನು?

ವಿಸರ್ಗ ಬರೆದದ್ದು:

ನಿಯಮಿತ ಅಭಿವ್ಯಕ್ತಿ. ಇದರಲ್ಲಿ ಚರ್ಚೆಗೇನಿದೆ?

ಅರ್ಕಾವತ್ತು ಬರೆದದ್ದು:

‘ನಿಯಮಿತ’ ಅಂದ ಕೂಡಲೇ ಸಹಕಾರ ಸಂಘದ ಬೋರ್ಡು ಕಣ್ಣಿಗೆ ಬರುತ್ತದೆ. ‘ಅಭಿವ್ಯಕ್ತಿ ನಿಯಮಿತ’ದಲ್ಲಿ ಷೇರು ಸಿಗುತ್ತದಾ ಸ್ವಾಮೀ?

ಇಲ್ಲಿನ ‘ರೆಗ್ಯುಲರ್’ಗೂ ನಮ್ಮ ದಿನಬಳಕೆಯ ನಿಯಮಕ್ಕೂ ಅಂಥ ನಂಟೇನೂ ಇಲ್ಲ. ಗಣಿತಜ್ಞ ಸ್ಟೀಫನ್ ಕ್ಲೀನಿ ನರಜಾಲಗಳ ಬಗ್ಗೆ 1956ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಬಗೆಯ ಗಣಗಳಿಗೆ ಆ ಹೆಸರಿಟ್ಟರು. ಇಟ್ಟವರೇ, ಇದಕ್ಕಿಂತ ಅರ್ಥ ಹೇಳುವ ಹೆಸರು ಯಾರಿಗಾದರೂ ಹೊಳೆದರೆ ತಿಳಿಸಿ ಅಂತಲೂ ಬರೆದರು. ಯಾರೂ ತಿಳಿಸಿದ ಹಾಗಿಲ್ಲ. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ಅದನ್ನೇ ಪಠ್ಯದಲ್ಲಿ ಹುಡುಕುವುದಕ್ಕೆ ಬಳಸಿ ತೋರಿಸಿದರು, ಹೆಸರು ಅಂಟಿಕೊಂಡಿತು. ಇಟ್ಟವರಿಗೇ ಒಪ್ಪಿಗೆಯಿಲ್ಲದ ಹೆಸರನ್ನು ನಾವು ಪದಕ್ಕೆ ಪದ ಅನುವಾದ ಮಾಡಬೇಕಾ? ‘ನಮೂನೆ’ ಸಾಕಲ್ವಾ?

ತಲಕಟ್ಟು ಬರೆದದ್ದು:

‘ನಮೂನೆ’ ಪಾರಸಿ. ‘ಅಭಿವ್ಯಕ್ತಿ’ ಸಂಸ್ಕೃತ. ನಮ್ಮಲ್ಲಿ ಮಾತಿಗೆ ಬರ ಬಂದಿದೆಯೇ? ‘ಅಚ್ಚು’ ಇದೆ. ಇಟ್ಟಿಗೆಯ ಅಚ್ಚು ನೋಡಿ: ಯಾವ ಮಣ್ಣು ಹಾಕಿದರೂ ಆಕಾರ ಒಂದೇ. ಇಲ್ಲಿಯೂ ಅದೇ ಕೆಲಸ. ‘ಅಚ್ಚುಹುಡುಕು’ ಅಂತ ಇಡಿ. ಸುಮ್ನೆ ಹೊರಗಿನದನ್ನು ಜಾಸ್ತಿ ಮಾಡಿ ನಮ್ಮ ಕಣಜ ಖಾಲಿ ಮಾಡಬೇಡಿ.

ವಿಸರ್ಗ ಬರೆದದ್ದು:

‘ಅಚ್ಚು’ ಸಂಸ್ಕೃತ ‘ಅಕ್ಷ’ದ ತದ್ಭವ.

ತಲಕಟ್ಟು ಬರೆದದ್ದು:

ಅದು ಗಾಡಿಯ ಅಚ್ಚು. ಎರಕದ ಅಚ್ಚು ಬೇರೆ ಮಾತು, ತಮಿಳು ತೆಲುಗಿನಲ್ಲೂ ಇದೆ. ನಿಘಂಟು ತೆರೆದು ನೋಡಿ ಬರೆಯಿರಿ.

ಅರ್ಕಾವತ್ತು ಬರೆದದ್ದು:

ತಲಕಟ್ಟಿನವರ ಪತ್ರದಲ್ಲೇ ‘ಖಾಲಿ’ ಇದೆ. ಅದು ಅರಬ್ಬಿ. ‘ಜಾಸ್ತಿ’ಯ ಬೇರೂ ಅಲ್ಲೇ. ಕಣಜಕ್ಕೇನೂ ಆಗಲಿಲ್ಲ.

ಕೊಂಬು ಬರೆದದ್ದು:

ಅಚ್ಚು ಅಂದರೆ ಜನ ಮುದ್ರಣ ಅಂದುಕೊಳ್ಳುತ್ತಾರೆ. ಪಕ್ಕದಲ್ಲೇ ‘ಮುದ್ರಿಸಿ’ ಗುಂಡಿ ಇದೆ. ಬೇಡ.

ನನ್ನ ಕಷ್ಟ ಇನ್ನೊಂದಿದೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಅನಾಹುತ. ‘ಮಳೆ*’ ಅಂತ ವೈಲ್ಡ್‌ಕಾರ್ಡ್‌ನಲ್ಲಿ ಹಾಕಿದೆ. ಮಳೆ, ಮಳೆಗಾಲ, ಮಳೆ_1998 ಎಲ್ಲ ಬಂದವು. ಅದನ್ನೇ ರೆಜೆಕ್ಸ್ ಗುಂಡಿಯಲ್ಲಿ ಒತ್ತಿದೆ. ಅಲ್ಲಿ ಹೆಸರು ಪೂರ್ತಿ ಹೊಂದಬೇಕು. ‘ಮಳೆ’ ಬಂತು. ಜೊತೆಗೆ ಯಾರೋ ತಪ್ಪಾಗಿ ಬರೆದಿದ್ದ ‘ಮಳ’ ಅನ್ನೋ ಕಡತ ಬಂತು! ಮಳೆಗಾಲದ ಸುಳಿವಿಲ್ಲ.

ಅರ್ಕಾವತ್ತು ಬರೆದದ್ದು:

ಸರಿಯಾಗಿಯೇ ಇದೆ. ರೆಜೆಕ್ಸ್‌ನಲ್ಲಿ * ತಾನಾಗಿ ಏನೂ ಅಲ್ಲ. ‘ನನ್ನ ಹಿಂದಿನದು ಸೊನ್ನೆ ಸಲ ಅಥವಾ ಎಷ್ಟು ಸಲ ಬೇಕಾದರೂ’ ಅನ್ನುತ್ತದೆ. ಯೂನಿಕೋಡ್‌ನಲ್ಲಿ ‘ಮಳೆ’ ಅಂದರೆ ಮ, ಳ, ಎತ್ವ, ಹೀಗೆ ಮೂರು ತುಂಡು. ನಿಮ್ಮ ನಕ್ಷತ್ರ ಕೊನೆಯ ಎತ್ವಕ್ಕೆ ಮಾತ್ರ ತಗುಲಿಕೊಂಡಿತು. ಎತ್ವ ಇಲ್ಲದಿದ್ದರೂ ಸೈ, ಹತ್ತು ಇದ್ದರೂ ಸೈ. ಮಳೆಗಾಲ ಬೇಕಿದ್ದರೆ ನಕ್ಷತ್ರದ ಮುಂಚೆ ಒಂದು ಚುಕ್ಕಿ ಇಡಿ: ಮಳೆ.*

ಇನ್ನೊಂದು ಮಾತು. ಸಹಾಯ ಪುಟದಲ್ಲಿ ‘? ಅಂದರೆ ಒಂದು ಅಕ್ಷರ’ ಅಂತ ಬರೆದಿದ್ದರೆ ಈಗಲೇ ಅಳಿಸಿ. ಅಂಕಿಗಾದರೆ ಸರಿ. ‘ಕ್ಷೇತ್ರ’ ನಮ್ಮ ಕಣ್ಣಿಗೆ ಎರಡಕ್ಷರ, ಯಂತ್ರಕ್ಕೆ ಏಳು ತುಂಡು: ಕ, ಹಲಂತ, ಷ, ಏತ್ವ, ತ, ಹಲಂತ, ರ. ‘??’ ಹಾಕಿ ಕಾಯುತ್ತಾ ಕೂತರೆ ಅದು ಬರುವುದಿಲ್ಲ.

ಕಾಕು ಬರೆದದ್ದು:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಚಿಕ್ಕಂದಿನಿಂದ ಪ್ರಶ್ನೆಪತ್ರಿಕೆಯಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ಅಂತ ಓದಿದವರೇ ನಾವೆಲ್ಲ. ಆ ? ಮತ್ತು * ಬಿಟ್ಟ ಸ್ಥಳಗಳಲ್ಲದೆ ಇನ್ನೇನು? ‘ಬಿಟ್ಟಸ್ಥಳ ಇಟ್ಟು ಹುಡುಕಿ’. ಮೂರೇ ಪದ. ರೆಜೆಕ್ಸ್‌ಗೆ ‘ಸೂತ್ರ’ ಅನ್ನಿ. ಪುಟ್ಟ ಸಾಲಿನಲ್ಲಿ ದೊಡ್ಡ ಗುಂಪನ್ನೇ ಹಿಡಿಯುತ್ತದೆ. ವ್ಯಾಕರಣದ ಸೂತ್ರಗಳೂ ಮಾಡುವುದು ಅದನ್ನೇ. ‘ಅಚ್’ ಅಂದರೆ ಎಲ್ಲ ಸ್ವರ, ‘ಹಲ್’ ಅಂದರೆ ಎಲ್ಲ ವ್ಯಂಜನ. ಉತ್ತರಪದದ ಮೊದಲ ಕತಪಗಳಿಗೆ ಗದಬ ಆದೇಶ ಅಂದರೆ ಮಳೆ+ಕಾಲ ಹೋಗಿ ಮಳೆಗಾಲ ಆಯಿತು. ಹುಡುಕಿ ಬದಲಿಸುವ ಕೆಲಸವೇ ತಾನೇ?

ಕೊಂಬು ಬರೆದದ್ದು:

ಬಿಟ್ಟಸ್ಥಳ ಬಹಳ ಹಿಡಿಸಿತು. ‘ಸೂತ್ರ’ ಕಷ್ಟ. ರಸಾಯನದವರು ಅದೇ ಪರದೆಯಲ್ಲಿ ಅಣುಸೂತ್ರ ಕೊಟ್ಟು ಹುಡುಕುತ್ತಾರೆ. ‘ಹುಡುಕುಸೂತ್ರ’ ಅಂದರೆ?

ವಿಸರ್ಗ ಬರೆದದ್ದು:

ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದ ದೋಷ. ಎರಡೂ.

ಕಾಕು ಬರೆದದ್ದು:

ಗಮಕ ಸಮಾಸಕ್ಕೆ ಅರಿದೋಷವಿಲ್ಲ. ‘ಬಿಟ್ಟಸ್ಥಳ’ ಕೃದಂತದ ಗಮಕ. ‘ಹುಡುಕುಸೂತ್ರ’ ಸುಡುಗಾಡಿನ ಜಾತಿಯದು: ಸುಡುವುದು ಕಾಡು, ಹುಡುಕುವುದು ಸೂತ್ರ. ದೋಷ ಹುಡುಕುವ ಮೊದಲು ವಿಗ್ರಹವಾಕ್ಯ ಮಾಡಿ.

ತಲಕಟ್ಟು ಬರೆದದ್ದು:

ಗಮಕವೋ ಏನೋ, ಅರ್ಧ ಸಂಸ್ಕೃತವೇ. ‘ಬಿಟ್ಟೆಡೆ’ ಅನ್ನಿ. ಒಂದು ಅಕ್ಷರ ಉಳಿತಾಯ, ಬಾಯಿಗೂ ಹಗುರ.

ಕೊಂಬು ಬರೆದದ್ದು:

‘ಬಿಟ್ಟೆಡೆ’ ಚೆಂದವಿದೆ, ಆದರೆ ಒಂದೊಂದು ಸಲ ‘ಬಿಟ್ಟೆ’ ಅಂತ ಓದಿಬಿಟ್ಟೆ.

ಕಳಿಸಿಯಾಯಿತು. ಮೊದಲ ಗುಂಡಿ: ‘ಬಿಟ್ಟಸ್ಥಳ ಇಟ್ಟು ಹುಡುಕಿ’. ಎರಡನೆಯದು: ‘ರೆಜೆಕ್ಸ್ ಹುಡುಕಾಟ’. ಅದನ್ನು ಒತ್ತುವವರಿಗೆ ಆ ಹೆಸರು ಮೊದಲೇ ಗೊತ್ತಿರುತ್ತದೆ, ಗೊತ್ತಿಲ್ಲದವರು ಒತ್ತದಿದ್ದರೇ ಕ್ಷೇಮ. ‘ಹುಡುಕುಸೂತ್ರ’ವನ್ನು ಸಹಾಯ ಪುಟದಲ್ಲಿ ಇಟ್ಟಿದ್ದೇನೆ. ‘ಒಂದು ಅಕ್ಷರ’ವನ್ನು ಅಳಿಸಿ ‘ಒಂದು ಅಂಕಿ ಅಥವಾ ಅಕ್ಷರದ ಒಂದು ತುಂಡು’ ಅಂತ ಮಾಡಿ, ಕೆಳಗೆ ‘ಕ್ಷೇತ್ರ’ವನ್ನು ಬಿಡಿಸಿ ತೋರಿಸಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ತಲಕಟ್ಟು ಬರೆದದ್ದು:

‘ರೆಜೆಕ್ಸ್’ ಉಳಿಸಿಕೊಂಡಿದ್ದು ತಪ್ಪು. ‘ಥ್ಯಾಂಕ್ಸ್’ ಬಗ್ಗೆ ಬೇರೆಯಾಗಿ ಬರೆಯುತ್ತೇನೆ.