‘ಚಟ’ವೇ, ‘ಅವಲಂಬನೆ’ಯೇ? ಆತಂಕದ ಮಾತ್ರೆಯ ಚೀಟಿಗೆ ತಕ್ಕ ಮಾತು

ಪ್ರಶ್ನೆ: ಆಲ್ಪ್ರಜೋಲಾಮ್, ಕ್ಲೊನಾಜೆಪಾಮ್, ಲೊರಾಜೆಪಾಮ್‌ನಂಥ ಬೆಂಜೊಡಯಜೆಪಿನ್ ಮಾತ್ರೆಗಳ ಬಗ್ಗೆ ರೋಗಿಗಳಿಗೆ ಕೊಡುವ ಚೀಟಿಯ ಕರಡಿನಲ್ಲಿ ಹೀಗಿದೆ: ‘ಈ ಮಾತ್ರೆ ಚಟ ಹಿಡಿಸುತ್ತದೆ. ನಿಲ್ಲಿಸಿದರೆ ಹಿಂತೆಗೆತ ಉಂಟಾಗಬಹುದು. ಅಗತ್ಯವಿದ್ದಾಗ ಅರ್ಧ ತೆಗೆದುಕೊಳ್ಳಿ.’ ಪದಗಳು ಸರಿಯೇ?

ಉತ್ತರ: ‘ಚಟ’ವನ್ನು ಮೊದಲು ಹೊಡೆದುಹಾಕಿ. ಚಟ ಎಂದರೆ ಬಯಕೆ ಇದೆ, ಕೆಡುಕೆಂದು ತಿಳಿದೂ ಬಿಡಲಾಗದ ಸೆಳೆತ ಇದೆ, ಕೇಳುವವರ ತಾತ್ಸಾರವೂ ಬೆರೆತಿದೆ. ಈ ಮಾತ್ರೆಯನ್ನು ದಿನವೂ ನುಂಗಿದರೆ, ವೈದ್ಯರು ಹೇಳಿದಷ್ಟೇ ನುಂಗಿದವರ ಮೈ ಕೂಡ ಕೆಲವೇ ವಾರಗಳಲ್ಲಿ ಅದಕ್ಕೆ ಹೊಂದಿಕೊಂಡುಬಿಡಬಹುದು. ಅದಕ್ಕೆ ಬಯಕೆ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 1964ರಲ್ಲೇ ಚಟ, ರೂಢಿ ಎಂಬರ್ಥದ ಎರಡು ಹಳೆಯ ಪದಗಳ ಬದಲಿಗೆ ‘ಅವಲಂಬನೆ’ ಎಂಬರ್ಥದ ಪದವನ್ನು ಸೂಚಿಸಿತು.

ಇದು ಬರೀ ಮರ್ಯಾದೆಯ ಮಾತಲ್ಲ. ‘ಚಟ’ ಎಂದು ಓದಿದವರು ಛಲ ಹಿಡಿದು ಒಂದೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಅಪಾಯ ಇರುವುದೇ ಅಲ್ಲಿ. ಮಿದುಳನ್ನು ತಣ್ಣಗಿಡುವ ಗಾಬಾ ಎಂಬ ರಾಸಾಯನಿಕಕ್ಕೆ ಮಾತ್ರೆ ಒತ್ತಾಸೆಯಾಗಿರುತ್ತದೆ. ಒತ್ತಾಸೆ ತಟ್ಟನೆ ತಪ್ಪಿದರೆ ನಿದ್ದೆಗೇಡು, ನಡುಕ, ಬೆವರು, ಮೊದಲಿಗಿಂತ ಜೋರಾದ ದಿಗಿಲು, ಕೆಲವರಿಗೆ ಫಿಟ್ಸ್ ಕೂಡ.

ಆದರೆ ‘ಅವಲಂಬನೆ’ ಪುಸ್ತಕದ ಮಾತಾಯಿತು. ‘ಮೈಗೆ ಒಗ್ಗಿಹೋಗುತ್ತದೆ’ ಎನ್ನೋಣವೆಂದರೆ, ‘ಮದ್ದು ಒಗ್ಗಿತು’ ಎಂಬುದಕ್ಕೆ ಚೆನ್ನಾಗಿ ಹಿಡಿಸಿತು ಎಂಬ ಅರ್ಥ ಆಗಲೇ ಇದೆ. ನನಗೆ ಸರಿಕಾಣುವುದು ‘ನೆಚ್ಚಿಕೊಳ್ಳು’: ‘ಹೇಳಿದಂತೆಯೇ ತೆಗೆದುಕೊಂಡರೂ ಮೈ ಈ ಮಾತ್ರೆಯನ್ನು ನೆಚ್ಚಿಕೊಳ್ಳಬಹುದು, ನೀವಾಗಿಯೇ ನಿಲ್ಲಿಸಬೇಡಿ.’

‘ಹಿಂತೆಗೆತ’ ಸೇನೆಗೋ ಮೊಕದ್ದಮೆಗೋ ಸರಿ. ಇಲ್ಲಿ ‘ಬಿಟ್ಟಾಗಿನ ತೊಂದರೆ’ ಸಾಕು. ಯಾವಾಗ ಎಂಬುದನ್ನೂ ಸೇರಿಸಿ: ಬೇಗ ಇಳಿಯುವ ಆಲ್ಪ್ರಜೋಲಾಮ್‌ನಲ್ಲಿ ಒಂದೆರಡು ದಿನದಲ್ಲೇ ಶುರುವಾಗುತ್ತದೆ, ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವ ಡಯಜೆಪಾಮ್‌ನಲ್ಲಿ ಕೆಲವು ದಿನ ತಡವಾಗಬಹುದು. ‘ಬಿಟ್ಟು ಮೂರು ದಿನವಾಯಿತು, ಏನೂ ಆಗಲಿಲ್ಲ’ ಎಂದು ಮೋಸಹೋಗುವುದು ಹೀಗೆ.

‘ಕ್ರಮೇಣ ಕಡಿಮೆ ಮಾಡಿ’ ಎಂದರೆ ಸಾಲದು. ವೈದ್ಯರು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಗ ತೆಗೆದುಕೊಳ್ಳುತ್ತಿರುವ ಪ್ರಮಾಣದ ಶೇ 5ರಿಂದ 10ರಷ್ಟು ಇಳಿಸಲು ತೊಡಗುತ್ತಾರೆ. ಆಮೇಲಿನ ವೇಗ ರೋಗಿಯನ್ನು ನೋಡಿಕೊಂಡು. ‘ಆಗಿನ ಪ್ರಮಾಣದ’ ಎಂಬುದನ್ನು ಬಿಡಬೇಡಿ. 1 ಮಿಲಿಗ್ರಾಂನಿಂದ 0.75ಕ್ಕೆ ಬಂದರೆ ಕಾಲುಭಾಗ ಹೋಯಿತು, 0.5ರಿಂದ 0.25ಕ್ಕೆ ಬಂದರೆ ಹೋದದ್ದು ಅರ್ಧ. ಇಳಿಸಿದ್ದು ಅಷ್ಟೇ, ಪೆಟ್ಟು ಎರಡರಷ್ಟು. ಆದ್ದರಿಂದ ಕೊನೆಯ ಮೆಟ್ಟಿಲುಗಳೇ ಕಷ್ಟ.

ಇನ್ನು ‘ಅರ್ಧ’. ಮೂರರಲ್ಲಿ ಇದೇ ಕೆಟ್ಟದ್ದು! ಕೈಯಲ್ಲಿರುವುದು 0.5 ಮಿಲಿಗ್ರಾಂ ಮಾತ್ರೆಯಾದರೆ ಅರ್ಧ ಮಾತ್ರೆ ಎಂದರೆ 0.25, ಅರ್ಧ ಮಿಲಿಗ್ರಾಂ ಎಂದರೆ ಇಡೀ ಮಾತ್ರೆ. ಮಿಲಿಗ್ರಾಂ, ಮಾತ್ರೆಯ ಲೆಕ್ಕ ಎರಡನ್ನೂ ಬರೆಯಿರಿ. ಬಿಂದುವಿನ ಎಡಕ್ಕೆ ಸೊನ್ನೆ ಇರಲೇಬೇಕು, ಇಲ್ಲವಾದರೆ ‘.5’ ಎಂಬುದು ‘5’ ಆಗುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಯನ್ನು ಮುರಿಯಲೂ ಬಾರದು, ಅಗಿಯಲೂ ಬಾರದು. ಇಡೀ ದಿನದ ಮದ್ದು ಒಮ್ಮೆಗೇ ಇಳಿದುಬಿಡುತ್ತದೆ.

‘ಅಗತ್ಯವಿದ್ದಾಗ’ ಎಂಬುದು ಎಸ್‌ಒಎಸ್ ಎಂಬ ಲ್ಯಾಟಿನ್ ಸಂಕ್ಷೇಪದ ಕನ್ನಡ, ತಪ್ಪಲ್ಲ. ಆದರೆ ಆತಂಕ ಇರುವವರಿಗೆ ಯಾವಾಗ ಅಗತ್ಯವಿಲ್ಲ? ದಿನಕ್ಕೆ ಹೆಚ್ಚೆಂದರೆ ಎಷ್ಟು, ಎರಡರ ನಡುವೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ದಿನ ಎಂಬುದಕ್ಕೆ ಖಾಲಿ ಜಾಗ ಬಿಡಿ, ವೈದ್ಯರು ತುಂಬಲಿ.

ಮತ್ತೊಂದು ಉತ್ತರ: ಮೇಲಿನದಕ್ಕೆ ಒಪ್ಪಿಗೆ, ‘ನೆಚ್ಚಿಕೊಳ್ಳು’ ಸೊಗಸಾಗಿದೆ. ಕರಡಿನಲ್ಲಿ ಎಲ್ಲಾದರೂ ‘ನರದ ಮಾತ್ರೆ’ ಎಂದಿದ್ದರೆ ಅದನ್ನೂ ತೆಗೆಯಿರಿ. ದಿನವೂ ತೆಗೆದುಕೊಳ್ಳಬೇಕಾದ, ಗುಣ ಕಾಣಲು ಕೆಲವು ವಾರ ಬೇಕಾದ ಎಸಿಟಾಲೊಪ್ರಾಮ್ ಎಂಬ, ಖಿನ್ನತೆ-ಆತಂಕಕ್ಕೆ ಕೊಡುವ ಬೇರೆಯೇ ಬಗೆಯ ಮಾತ್ರೆಗೂ ಜನ ಅದೇ ಹೆಸರಿಡುತ್ತಾರೆ. ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚುತ್ತಾರೆ. ‘ಮಾದಕ ವಸ್ತುಗಳೊಂದಿಗೆ ಸೇವಿಸಬೇಡಿ’ ಎಂದೂ ಬರೆಯಬೇಡಿ: ಟ್ರಮಡಾಲ್ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಮಾದಕವೆಂದು ಯಾರಿಗೂ ಅನ್ನಿಸುವುದಿಲ್ಲ. ಮದ್ಯದ ಜೊತೆಗೆ ಅವುಗಳ ಹೆಸರನ್ನೂ ಹಾಕಿ, ‘ಮಂಪರು ಹೆಚ್ಚುತ್ತದೆ’ ಎಂದು ನಿಲ್ಲಿಸದೆ ‘ಉಸಿರಾಟ ನಿಧಾನವಾಗಿ ಜೀವಕ್ಕೆ ಕುತ್ತಾಗಬಹುದು’ ಎಂದೇ ಬರೆಯಿರಿ.