ಮಗಳಿಗೆ ಹತ್ತು ತಿಂಗಳು, ಈಗಲೇ ಎರಡನೆಯದು ಆಗಬಹುದಾ?

ಜಮಖಂಡಿ ಸೊಸೆ:
ಮಗಳಿಗೆ ಹತ್ತು ತಿಂಗಳು. ಸಿಸೇರಿಯನ್ ಆಗಿತ್ತು. ಹುಟ್ಟಿದಾಗ 2.3 ಕೆಜಿ ಇದ್ದಳು, ಆಗ ನನ್ನ ಹಿಮೋಗ್ಲೋಬಿನ್ 8.6. ಈಗ ಆರಾಮಿದ್ದಾಳೆ, ಸಜ್ಜಕ ತಿನ್ನುತ್ತಾಳೆ, ಗೋಡೆ ಹಿಡಿದು ನಿಲ್ಲುತ್ತಾಳೆ.

ಅತ್ತೆಯವರು "ಇನ್ನೊಂದು ಹಡದಬಿಡವಾ, ಎರಡೂ ಕೂಡೇ ಬೆಳೀತಾವ" ಅಂತಾರೆ. ಅವರ ಮೇಲೆ ಸಿಟ್ಟಿಲ್ಲ, ರಾತ್ರಿ ಮಗಳನ್ನು ಎತ್ತಿಕೊಂಡು ತಿರುಗುವವರೂ ಅವರೇ. ನಾನಿನ್ನೂ ಹಾಲು ಕುಡಿಸುತ್ತೇನೆ, ಮುಟ್ಟು ಬಂದಿಲ್ಲ. ಹಾಗಾಗಿ ಈಗ ಬಸಿರು ನಿಲ್ಲುವುದೇ ಇಲ್ಲ ಅಂತಾಳೆ ನೆಗೆಣ್ಣಿ. ನಿಜಾನಾ? ಅಂತರ ಕಡಿಮೆಯಾದರೆ ಕೂಸಿಗೆ ಏನಾಗುತ್ತದೆ ಅಂತ ಹೇಳಿ. ನನಗೇನಾಗುತ್ತದೆ ಅಂದರೆ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಕೂಸಿನ ಮಾತಾದರೆ ಕೇಳುತ್ತಾರೆ.

ಮುದ್ದೇಬಿಹಾಳದ ನರ್ಸ್:
ಮೊದಲು ನೆಗೆಣ್ಣಿ ಮಾತು. ಕೂಸಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಬರೀ ಎದೆಹಾಲೇ ಆಗಿರಬೇಕು, ಮುಟ್ಟೂ ಬಂದಿರಬಾರದು. ಮೂರೂ ಕೂಡಿದ್ದರೆ ಮಾತ್ರ ಆ ಮಾತು ನಡೆಯುತ್ತದೆ. ನಿಮ್ಮ ಮಗಳು ಸಜ್ಜಕ ತಿನ್ನುತ್ತಾಳಲ್ವಾ? ಮುಟ್ಟು ಬರುವ ಮೊದಲೇ ಅಂಡ ಬಿಡುಗಡೆ ಆಗಬಹುದು. ಮುಟ್ಟನ್ನೇ ಕಾಣದೆ ಮತ್ತೆ ಬಸುರಿಯಾಗಿ ಬಂದವರನ್ನು ನಾವು ನೋಡುತ್ತೇವೆ. ಮೊದಲು ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಿ.

ಇನ್ನು ಕೂಸು. ಹೆರಿಗೆಯಾಗಿ 24 ತಿಂಗಳಾದರೂ ಕಳೆಯಲಿ, ಆಮೇಲೆ ಮತ್ತೆ ಬಸುರಿಯಾಗಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಎರಡು ಮಕ್ಕಳ ನಡುವೆ ಹತ್ತಿರ ಹತ್ತಿರ ಮೂರು ವರ್ಷ. ನಮ್ಮ ಮಂದಿ ಹುಟ್ಟಿದ ದಿನದಿಂದ ಹುಟ್ಟಿದ ದಿನಕ್ಕೆ ಲೆಕ್ಕ ಹಾಕಿ "ಎರಡು ವರ್ಷ ಆತಲ್ಲ" ಅಂತಾರೆ. 2006ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ್ದರು. 18ರಿಂದ 23 ತಿಂಗಳು ಬಿಟ್ಟು ಬಸುರಿಯಾದವರಿಗೆ ಹೋಲಿಸಿದರೆ, ಆರು ತಿಂಗಳೊಳಗೆ ಆದವರಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ಶೇ. 40 ಜಾಸ್ತಿ, ಕೂಸು 2.5 ಕೆಜಿಗಿಂತ ಕಡಿಮೆ ತೂಗುವ ಅಪಾಯ ಶೇ. 61 ಜಾಸ್ತಿ. ನೀವು ಆರು ತಿಂಗಳು ದಾಟಿದ್ದೀರಿ, ಅಪಾಯ ಅಷ್ಟಿರುವುದಿಲ್ಲ. ಆದರೆ ನಿಮ್ಮ 8.6 ನನಗೆ ಚಿಂತೆ. ಬಸುರಿಗೆ ಕನಿಷ್ಠ 11 ಇರಬೇಕು. ಹೆರಿಗೆಯಾದ ಮೇಲೂ ಆರು ತಿಂಗಳು ಕಬ್ಬಿಣದ ಮಾತ್ರೆ ನುಂಗಬೇಕು, ನುಂಗಿದ್ದೀರಾ? ಕೂಸಿನ ಬೆನ್ನುಹುರಿಯ ಬುಡ ಕಟ್ಟುವುದು ಮೊದಲ ನಾಲ್ಕು ವಾರದಲ್ಲಿ. ಆಗ ಬಸುರಿ ಅಂತಲೇ ಎಷ್ಟೋ ಮಂದಿಗೆ ಗೊತ್ತಿರುವುದಿಲ್ಲ. ಅಷ್ಟರೊಳಗೇ ಮೈಯಲ್ಲಿ ಫೋಲಿಕ್ ಆಸಿಡ್ ಇರಬೇಕು. ಸಿಸೇರಿಯನ್ ಹೊಲಿಗೆಯೂ ಇದೆ. ಅಂತರ ಕಡಿಮೆಯಿದ್ದು ನೋವು ಶುರುವಾದರೆ ಗರ್ಭಕೋಶದ ಮೇಲಿನ ಆ ಗಾಯ ಬಿಡುವ ಭಯ ಜಾಸ್ತಿ. ಬಿಟ್ಟರೆ ಕೂಸಿಗೆ ಉಸಿರು ಸಿಗುವುದಿಲ್ಲ. ಅತ್ತೆಗೆ ಇದನ್ನೇ ಹೇಳಿ.

ಗೋಕಾಕ ಅಕ್ಕ:
ಸುಮ್ನೆ ಹೆದರಿಸಬೇಡಿ. ನನ್ನ ಇಬ್ಬರಿಗೂ ಹದಿನೈದು ತಿಂಗಳ ಅಂತರ, ಇಬ್ಬರೂ ಗಟ್ಟಿ. ದೊಡ್ಡವನು ಈಗ ಹತ್ತನೇ ಕ್ಲಾಸು.

ಮುದ್ದೇಬಿಹಾಳದ ನರ್ಸ್:
ಅಕ್ಕಾ, ಮಕ್ಕಳು ಗಟ್ಟಿ ಇದ್ದದ್ದು ಸಂತೋಷ. ಬಹಳ ಮಂದಿಗೆ ಏನೂ ಆಗುವುದಿಲ್ಲ. ಆದರೆ ಇವರ ಮೊದಲ ಕೂಸೇ ತೂಕ ಕಡಿಮೆ, ರಕ್ತವೂ ಕಡಿಮೆ.

ಅಥಣಿ ಓದುಗಿ:
ನನಗೆ 36. ನಾನೂ ಎರಡು ವರ್ಷ ಕಾಯಬೇಕಾ?

ಮುದ್ದೇಬಿಹಾಳದ ನರ್ಸ್:
ಈ ವಯಸ್ಸಿಗೆ ಕಾಯುವುದರಲ್ಲೂ ನಷ್ಟವಿದೆ, ಡಾಕ್ಟರ್ ಜೊತೆ ಕೂತು ಲೆಕ್ಕ ಹಾಕಿ. ಅಂತರ ಐದು ವರ್ಷ ದಾಟಿದರೂ ಅಪಾಯ ಸ್ವಲ್ಪ ಏರುತ್ತದೆ.

ಜಮಖಂಡಿ ಸೊಸೆ:
ಪರೀಕ್ಷೆ ಮಾಡಿಸಿದೆ, ಏನೂ ಇಲ್ಲ. ಇದನ್ನೆಲ್ಲ ಓದಿ ಹೇಳಿದೆ. ತೂಕದ ಮಾತು ಬಂದಾಗ ಅತ್ತೆ ಸುಮ್ಮನಾದರು. ಆಮೇಲೆ ವಂಕಿಯ (ಬಸಿರು ತಡೆಯಲು ಗರ್ಭಕೋಶದಲ್ಲಿ ಇಡುವ ಕಾಪರ್-ಟಿ) ಮಾತಿಗೆ "ವಂಕಿ ಹಾಕಿಸಿದರ ಅದು ಹೊಟ್ಟ್ಯಾಗ ಏರತೈತಂತ" ಅಂದರು!

ಮುದ್ದೇಬಿಹಾಳದ ನರ್ಸ್:
ಅದು ಗರ್ಭಕೋಶ ದಾಟಿ ಹೋಗುವುದು ಬಹಳ ಅಪರೂಪ. ಒಂದು ಮುಟ್ಟಾದ ಮೇಲೆ ಹೋಗಿ ದಾರ ನೋಡಿಸಿಕೊಂಡರೆ ಆಯಿತು. ಬೇಕಾದಾಗ ತೆಗೆಸಬಹುದು. ಆದರೆ ವಂಕಿಯಿಂದ ಮೊದಲ ಕೆಲವು ತಿಂಗಳು ರಕ್ತ ಜಾಸ್ತಿ ಹೋಗಬಹುದು, ನಿಮಗೆ ಅದೇ ಕಷ್ಟ. ಬಸಿರು ತಡೆಯುವ ಛಾಯಾ ಮಾತ್ರೆ ಹಾಲು ಕುಡಿಸುವವರಿಗೂ ನಡೆಯುತ್ತದೆ: ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಬಸಿರು ತಡೆಯುವ ಅಂತರಾ ಇಂಜೆಕ್ಷನ್ ಮೂರು ತಿಂಗಳಿಗೊಮ್ಮೆ, ಆದರೆ ಬಿಟ್ಟ ಮೇಲೆ ಬಸಿರು ನಿಲ್ಲಲು ತಡವಾಗುತ್ತದೆ. ಮೊದಲು ಹಿಮೋಗ್ಲೋಬಿನ್ ನೋಡಿಸಿ, ಆಮೇಲೆ ಆರಿಸಿಕೊಳ್ಳಿ. ಮತ್ತೆ ಕಬ್ಬಿಣದ ಮಾತ್ರೆಯನ್ನು ಚಹಾ ಕುಡಿದ ಬೆನ್ನಿಗೇ ನುಂಗಬೇಡಿ.