ಸಹಾಯ ಬೇಕು: ಸಾರ್ವಜನಿಕ ಉಪನ್ಯಾಸ ಜೂಮ್‌ನಲ್ಲಿ ಕೊಡುವಾಗ ಪ್ರತಿಧ್ವನಿ

ನಮಸ್ಕಾರ. ವಿಶ್ವವಿದ್ಯಾಲಯದ ಸೆಮಿನಾರ್ ಹಾಲ್‌ನ ಸಾರ್ವಜನಿಕ ಉಪನ್ಯಾಸಗಳನ್ನು ಜೂಮ್‌ನಲ್ಲೂ ಕೊಡುತ್ತಿದ್ದೇವೆ. ಆನ್‌ಲೈನ್‌ನಿಂದ ಪ್ರಶ್ನೆ ಕೇಳುವವರಿಗೆ ಅವರ ದನಿಯೇ ತುಸು ತಡವಾಗಿ ವಾಪಸ್ ಕೇಳಿಸುತ್ತಿದೆ.

ಕಾರಣ ಗೊತ್ತಿದೆ. ಲ್ಯಾಪ್‌ಟಾಪ್‌ನ ದನಿ ಆಡಿಯೊ ಮಿಕ್ಸರ್‌ನ 5ನೇ ಚಾನೆಲ್‌ಗೆ ಬಂದು, ಮೇನ್ ಔಟ್‌ನಲ್ಲಿ (ಹಾಲ್‌ನ ಸ್ಪೀಕರ್‌ಗೆ ಹೋಗುವ ಒಟ್ಟು ದನಿ) ಬೆರೆತು, ಅಲ್ಲಿಂದ ಮತ್ತೆ ಜೂಮ್‌ಗೇ ಹೋಗುತ್ತಿದೆ. ಮೇನ್ ಔಟ್ ಬದಲು ಆಕ್ಸ್‌ನಿಂದ (ಯಾವ ಚಾನೆಲ್ ಎಷ್ಟು ಎಂದು ಬೇರೆಯಾಗಿ ಬೆರೆಸಿ ಕಳಿಸುವ ಔಟ್) ಕಳಿಸಿ, 5ನೇ ಚಾನೆಲ್‌ನ ಆಕ್ಸ್ ನಾಬ್ ಸೊನ್ನೆಗಿಟ್ಟರೆ ಸರಿಹೋಗುತ್ತದೆ. ಆದರೆ ಇರುವುದೊಂದೇ ಆಕ್ಸ್, ಅದು ವೇದಿಕೆಯ ಮಾನಿಟರ್ ಸ್ಪೀಕರ್‌ಗೆ ಬೇಕು. ಕಿತ್ತರೆ ಉಪನ್ಯಾಸಕರಿಗೆ ಆನ್‌ಲೈನ್ ಪ್ರಶ್ನೆಗಳೇ ಕೇಳಿಸುವುದಿಲ್ಲ. ಉಳಿದದ್ದು ಎಫ್‌ಎಕ್ಸ್ ಸೆಂಡ್ (ಎಕೋದಂಥ ಎಫೆಕ್ಟ್‌ಗೆ ದನಿ ಕಳಿಸುವ ಔಟ್). ಅದು ಪೋಸ್ಟ್-ಫೇಡರ್ (ಚಾನೆಲ್‌ನ ದನಿ ಏರಿಳಿಸುವ ಫೇಡರ್ ದಾಟಿದ ಮೇಲಿನ ದನಿ), ಹಾಗಾಗಿ ಹಾಲ್‌ನಲ್ಲಿ ಮೈಕ್ ಕುಂಯ್ ಎಂದಾಗ ಫೇಡರ್ ಇಳಿಸಿದರೆ ಜೂಮ್‌ನಲ್ಲೂ ದನಿ ತಗ್ಗುತ್ತದೆ. ಹೀಗೆ ಬಳಸಿದವರು ಇದ್ದೀರಾ? ಫೇಡರ್ ಬದಲು ಮೇನ್ ಸ್ಪೀಕರ್‌ನ ಇಕ್ಯೂನಲ್ಲೇ (ತಗ್ಗು-ತಾರ ಸ್ವರಗಳ ಮಟ್ಟ ಹೊಂದಿಸುವ ಇಕ್ವಲೈಸರ್) ಕುಂಯ್ ತಡೆದುಕೊಂಡರೆ ಸಾಕೇ?

ಇನ್ನೊಂದು ಕಾಟ: ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿದೊಡನೆ ಗುಂಯ್ ಶಬ್ದ, ಬ್ಯಾಟರಿಯಲ್ಲಿ ಇಲ್ಲ. ಗ್ರೌಂಡ್ ಲೂಪ್ (ಲ್ಯಾಪ್‌ಟಾಪ್, ಮಿಕ್ಸರ್ ಎರಡರ ಅರ್ಥ್ ಕೇಬಲ್ ಮೂಲಕವೂ ಸೇರಿ ಸುತ್ತಾಗುವುದು) ಇರಬೇಕು. (ಪ್ಲಗ್‌ನ ಅರ್ಥ್ ಪಿನ್ ತೆಗೆಯುವ ಸಲಹೆ ದಯವಿಟ್ಟು ಬೇಡ, ಶಾಕ್ ಹೊಡೆಯುತ್ತದೆ.) ಈ ಗುಂಯ್ ತಡೆಯಲು ಆಡಿಯೊ ಕೇಬಲ್ ನಡುವೆ ಹಾಕುವ ಅಗ್ಗದ ಐಸೋಲೇಟರ್ ತಗ್ಗುಸ್ವರ ಕತ್ತರಿಸುತ್ತದೆ. ಮಾತಿಗೆ ಅಡ್ಡಿಯಿಲ್ಲ, ಆದರೆ ಸಂಗೀತ ಉಪನ್ಯಾಸದಲ್ಲಿ ಮೃದಂಗದ ಎಡಭಾಗ ಸಪ್ಪೆಯಾಗುತ್ತದೆ. ಮೃದಂಗಕ್ಕೂ ಸರಿಹೋಗುವಂಥ, ಎರಡು ಚಾನೆಲ್‌ನ ಯಾವ ಮಾದರಿ ಬಳಸುತ್ತಿದ್ದೀರಿ, ತಿಳಿಸುತ್ತೀರಾ?